ನೀರು ಆಮೇಲೆ

ಹಿರೇಹಡಗಲಿ
8 ಏಪ್ರಿಲ್ 1979

ಲೇ ಜಂಬಕ್ಕ,

ಬದುಕಿದ್ದೀಯೋ ಇಲ್ಲವೋ? ಸಂಕ್ರಾಂತಿ ಆದಮೇಲೆ ನಿನ್ನಿಂದ ಒಂದಕ್ಷರ ಇಲ್ಲ. ಉಜ್ಜಿನಿಯಲ್ಲಿ ಮೇಷ್ಟ್ರುಗಳಿಗೆ ಕಾಗದ ಬರೆಯುವುದು ಮರೆತುಹೋಗುತ್ತದೆಯೇನು? ಇರಲಿ, ಬೈಯಲು ಈ ಇನ್‌ಲ್ಯಾಂಡ್ ಕಾಗದದಲ್ಲಿ ಜಾಗ ಸಾಲದು, ವಿಷಯಕ್ಕೆ ಬರುತ್ತೇನೆ.

ನಮ್ಮ ಮನೆ ಮುಗಿಯಿತು. ಎರಡು ಖೋಲಿ, ಮೇಲೆ ಮಂಗಳೂರು ಹೆಂಚು, ಕೆಳಗೆ ಸಿಮೆಂಟು. ಕೇರಿಯಲ್ಲಿ ಸಿಮೆಂಟು ನೆಲದ ಮೊದಲ ಮನೆ ನಮ್ಮದೇ. ಮಕ್ಕಳು ಬಂದು ಬರಿಗಾಲಲ್ಲಿ ಜಾರಿ ಜಾರಿ ಆಡಿ ಹೋಗುತ್ತಾರೆ. ಬುದ್ಧ ಪೂರ್ಣಿಮೆಯ ದಿನವೇ ಪ್ರವೇಶ ಆಗಬೇಕೆಂದು ನಮ್ಮ ಕಂಡಕ್ಟರ್ ಸಾಹೇಬರ ಹಟ. ಸಾಹೇಬ ಓಬಳೇಶ ಹುಬ್ಬಳ್ಳಿಯಿಂದ ಬುದ್ಧನ ಪಟ ತಂದು ಗೋಡೆಗೆ ಹಾಕಿದರೆ, ಅತ್ತೆ ಗಿಡ್ಡಮ್ಮ ಅದರ ಪಕ್ಕದಲ್ಲೇ ಊರಮ್ಮನ ಪಟ ತೂಗುಹಾಕಿದ್ದಾಳೆ. ಪಟಗಳು ಹೊಂದಿಕೊಂಡಿವೆ, ತಾಯಿ ಮಗ ಮಾತ್ರ ದಿನಾ ಜಗಳ.

ಶಾಲೆಯವರನ್ನೆಲ್ಲ ಕರೆದಿದ್ದೇನೆ. ಹೆಡ್‌ಮಾಸ್ಟರು ಬರುತ್ತಾರೆ. ಬಂದು ಏನು ಹೇಳುತ್ತಾರೆಂದು ಈಗಲೇ ಹೇಳಲೇ? "ಇವತ್ಯಾಕೋ ಹೊಟ್ಟಿ ಸರಿ ಇಲ್ಲಮ್ಮ ಹಂಪಮ್ಮ, ಒಂದು ಬಾಳೆಹಣ್ಣು ಕೊಡು ಸಾಕು." ಬಾಳೆಹಣ್ಣಿಗೆ ಸಿಪ್ಪೆ ಇರುತ್ತದಲ್ಲ, ನಮ್ಮ ಕೈ ಒಳಗೆ ಹೋಗುವುದಿಲ್ಲ. ನಮ್ಮ ಕೇರಿಯ ಬೇವಿನಮರ ದಾಟಿದ್ದೇ ತಡ, ದೊಡ್ಡವರ ಹೊಟ್ಟೆಗಳೆಲ್ಲ ಸಾಲಾಗಿ ಕೆಡುತ್ತವೆ ಕಣೇ. ನೀರಾದರೂ ಕುಡಿಯಿರಿ ಅಂದರೆ "ಆಮ್ಯಾಲೆ ಕುಡೀತೀನಿ" ಅನ್ನುತ್ತಾರೆ. ಆ ಆಮ್ಯಾಲೆ ಇವತ್ತಿನವರೆಗೂ ಬಂದಿಲ್ಲ. ನನ್ನ ಅತ್ತೆ ಬಂದವರ ಮುಖ ನೋಡುವುದಿಲ್ಲ, ಎದ್ದು ಹೋದಮೇಲೆ ಅವರ ಲೋಟ ನೋಡುತ್ತಾಳೆ.

ನಿನ್ನ ವಿಷಯ ಹೇಳಿದೆ. ಬಳ್ಳಾರಿ ಟ್ರೈನಿಂಗ್ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡದ್ದು, ನನ್ನ ಪಾಲಿನ ಮುದ್ದೆಯನ್ನೂ ನೀನೇ ಮುಗಿಸಿ "ಎರಡು ತಟ್ಟೆ ಜಂಬಕ್ಕ" ಅನ್ನಿಸಿಕೊಂಡದ್ದು. ಅತ್ತೆ ನಗಲಿಲ್ಲ. "ಹಾಸ್ಟೆಲ್ ಬ್ಯಾರೆ, ಮನಿ ಬ್ಯಾರೆ. ಅದು ಸರಕಾರದ ಅನ್ನ, ಇದು ನನ್ನ ಕೈಯಾಂದು. ಕುರುಬರ ಮನಿ ಹುಡುಗಿ ಬಂದು ಉಣ್ಣತಾಳ? ನೋಡೋಣ" ಅಂದಳು.

ನಾನು ಪಂತ ಕಟ್ಟಿದ್ದೇನೆ. ನೀನು ಬರಬೇಕು, ಒಳಗೆ ಕೂತು ಉಣ್ಣಬೇಕು. ನಾನು ಒಬ್ಬಳ ಮೇಲಾದರೂ ನಂಬಿಕೆ ಇಟ್ಟದ್ದು ಸುಳ್ಳಲ್ಲ ಅಂತ ಆ ಮುದುಕಿಗೆ ತೋರಿಸಬೇಕು. ಇಷ್ಟೇ ನಿನ್ನ ಉಡುಗೊರೆ. ಸೀರೆ ಗೀರೆ ತಂದರೆ ವಾಪಸ್ ಕಳಿಸುತ್ತೇನೆ.

ನಿನ್ನ
ಹಂಪಿ


ಉಜ್ಜಿನಿ
19 ಏಪ್ರಿಲ್ 1979

ಪ್ರೀತಿಯ ಹಂಪಿ,

ನಿನ್ನ ಕಾಗದ ಎರಡು ಸಲ ಓದಿದೆ. ಬರೆಯದೆ ಇದ್ದದ್ದಕ್ಕೆ ಬೈಯಬೇಡ. ಶಾಲೆಯಲ್ಲಿ ಇನ್‌ಸ್ಪೆಕ್ಷನ್, ಅದು ಇದು, ಹೀಗೇ ದಿನ ಹೋದವು.

ಬರುತ್ತೇನೆ. ಖಂಡಿತ ಬರುತ್ತೇನೆ. ಗಿಡ್ಡಮ್ಮತ್ತೆಗೆ ಹೇಳು, ಅವರ ಕೈಯದೇ ಉಣ್ಣುತ್ತೇನೆ ಅಂತ.

ಒಂದು ಮಾತು, ನೋಡಿದ ಕೂಡಲೇ ಗಾಬರಿಯಾಗಬೇಡ. ನಾನೀಗ ಸ್ವಲ್ಪ ಇಳಿದಿದ್ದೇನೆ. ಶಾಲೆ ಊರಾಚೆ ಹೊಸ ಕಟ್ಟಡಕ್ಕೆ ಹೋಗಿದೆ, ಬಿಸಿಲಲ್ಲಿ ದಿನಾ ನಡೆದು ನಡೆದು ಮೈ ಕರಗಿದೆ. ಹಳೆಯ ರವಿಕೆಗಳನ್ನೆಲ್ಲ ಹಿಡಿಸಿಕೊಂಡೆ. ಮಕ್ಕಳು "ದುಂಡು ಟೀಚರ್" ಅನ್ನುವುದನ್ನು ಬಿಟ್ಟಿದ್ದಾರೆ, ಅದೇ ಒಂದು ಬೇಜಾರು.

ಊಟಕ್ಕೆ ಏನು ಮಾಡಿಸುತ್ತೀರಿ? ಹೋಳಿಗೆಯೇ? ಜೊತೆಗೆ ನುಚ್ಚು ಮಜ್ಜಿಗೆ ಏನಾದರೂ ಇರುತ್ತದೆಯೇ? ಸುಮ್ಮನೆ ಕೇಳಿದೆ, ಬೇರೆ ಏನೂ ಮಾಡುವುದು ಬೇಡ. ಎಲ್ಲರಿಗೂ ಏನೋ ಅದೇ ನನಗೂ. ಅಕ್ಷರ ಸೊಟ್ಟಗಿದ್ದರೆ ಪೆನ್ನಿನ ತಪ್ಪು.

ನಿನ್ನ
ಜಂಬಕ್ಕ


ಉಜ್ಜಿನಿ
16 ಮೇ 1979

ಪ್ರೀತಿಯ ಹಂಪಿ,

ಪ್ರವೇಶದ ದಿನ ಕೊನೆಯ ಬಸ್ಸಿಗೆ ಊರು ಸೇರಿದೆ. ಹೇಳದೆ ಹೊರಟದ್ದಕ್ಕೆ ತಪ್ಪು ತಿಳಿಯಬೇಡ. ನೀನು ಪಂಕ್ತಿಯಲ್ಲಿ ಬಡಿಸುತ್ತಿದ್ದೆ, ಓಬಳೇಶಣ್ಣ ಜನರ ನಡುವೆ ಇದ್ದರು. ಬಸ್ಸು ತಪ್ಪುತ್ತದೆಂದು ಓಡಿದೆ.

ಮನೆ ಬಹಳ ಚೆನ್ನಾಗಿದೆ. ಆ ಕಿಟಕಿಯಿಂದ ಬೇವಿನ ಗಾಳಿ ಬರುತ್ತದಲ್ಲ, ಅಲ್ಲಿ ನಿನ್ನ ಟೇಬಲ್ ಹಾಕು. ಗಿಡ್ಡಮ್ಮತ್ತೆಯ ಹೋಳಿಗೆಯಂಥದ್ದನ್ನು ನಾನು ಬೇರೆಲ್ಲೂ ತಿಂದಿಲ್ಲ ಅಂತ ಅವರಿಗೆ ಹೇಳು. ಮರೆಯದೆ ಹೇಳು.

ನೀನು ಬರೆಯುವುದನ್ನು ಕಾಯುತ್ತೇನೆ.

ಜಂಬಕ್ಕ


ಉಜ್ಜಿನಿ
14 ಜೂನ್ 1979

ಹಂಪಿ,

ಶಾಲೆ ಶುರುವಾಯಿತು, ನಿನಗೂ ಕೆಲಸವಿರಬೇಕು. ಆದರೂ ಒಂದು ಕಾರ್ಡು ಹಾಕು. ಈಗೀಗ ಟಪಾಲಿನವನು ನನ್ನನ್ನು ಕಂಡರೆ ತಾನೇ ತಲೆಯಾಡಿಸಿ ಹೋಗುತ್ತಾನೆ.

ಜಂಬಕ್ಕ


ಹಿರೇಹಡಗಲಿ
3 ಜುಲೈ 1979

ಶ್ರೀಮತಿ ಜಂಬಕ್ಕನವರಿಗೆ,

ನಿಮ್ಮ ಕಾಗದ, ಕಾರ್ಡು ಎರಡೂ ತಲುಪಿದವು. ಹೋಳಿಗೆಯ ಬಗ್ಗೆ ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಲಿಲ್ಲ. ಯಾಕೆಂದು ತಿಳಿಸುವುದಕ್ಕೆ ಈ ಕಾಗದ.

ನೀವು ಒಂದು ಹೋಳಿಗೆ, ನಾಲ್ಕು ತುತ್ತು ಅನ್ನ ಉಂಡಿರಿ. ಎರಡು ತಟ್ಟೆಯ ನೀವು. ಅತ್ತೆ ಪಕ್ಕದಲ್ಲೇ ನಿಂತು "ನೀರು ಕುಡೀವಾ" ಅಂದಳು. ನೀವು "ಆಮ್ಯಾಲೆ" ಅಂದಿರಿ. ಬೇರೆ ಯಾರಾದರೂ ಅಂದಿದ್ದರೆ ನಾವು ನಕ್ಕು ಬಿಡುತ್ತಿದ್ದೆವು. ಆಮೇಲೆ ನೀವು ಎದ್ದು ಹಿತ್ತಲಿಗೆ ಹೋದಿರಿ. ಅತ್ತೆ ಕೈಗೆ ನೀರು ಹಾಕೋಣವೆಂದು ಚೊಂಬು ಹಿಡಿದು ಹಿಂದೆ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು. ನೀವು ಗೋಡೆ ಹಿಡಿದು, ಉಂಡದ್ದನ್ನೆಲ್ಲ ಕಕ್ಕುತ್ತಿದ್ದಿರಿ. ನಂತರ ಸೆರಗಿನಿಂದ ಬಾಯಿ ಒರೆಸಿಕೊಂಡು, ಮುಂಬಾಗಿಲಿಗೆ ಬರದೆ, ಹಿತ್ತಲ ದಾರಿಯಿಂದಲೇ ಬಸ್ಸಿಗೆ ಹೋದಿರಿ.

ಅತ್ತೆ ಅದರ ಮೇಲೆ ಬೂದಿ ಹಾಕಿ ಮುಚ್ಚಿದಳು. ಜನ ಇರುವಷ್ಟು ಹೊತ್ತು ನನಗೆ ಹೇಳಲಿಲ್ಲ. ಸಂಜೆ ಪಾತ್ರೆ ತಿಕ್ಕುತ್ತ ಹೇಳಿದಳು: "ಹೆಡ್‌ಮಾಸ್ಟರು ವಾಸಿ ಯವ್ವಾ. ಅವರು ಬಾಳೆಹಣ್ಣು ತಗೊಂಡು ಹೋದರು. ನಿನ್ನ ಗೆಳತಿ ನಂದು ನುಂಗಿ ನನ್ನ ಹಿತ್ತಲದಾಗ ಕಾರಿ ಹೋದಳು."

ಹೇಸಿಗೆ ಅನ್ನಿಸಿದ್ದರೆ ನೀವು ಬರಬಾರದಿತ್ತು. ನಾನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ನಮಗೆ ರೂಢಿ ಇದೆ. ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.

ಹಂಪಮ್ಮ


ಉಜ್ಜಿನಿ
9 ಜುಲೈ 1979

ಹಂಪಿ,

ನೀನು "ನೀವು" ಅಂದದ್ದಕ್ಕೆ ಅಳು ಬಂತು. ಅತ್ತು ಮುಗಿಸಿ ಬರೆಯುತ್ತಿದ್ದೇನೆ. ಇದನ್ನು ಏಪ್ರಿಲ್‌ನಲ್ಲೇ ಬರೆಯಬೇಕಿತ್ತು.

ಜನವರಿ ಕೊನೆಗೆ ತರಗತಿಯಲ್ಲೇ ರಕ್ತ ವಾಂತಿ ಮಾಡಿಕೊಂಡು ಬಿದ್ದೆ. ನಮ್ಮೂರ ಚೌಡಣ್ಣ ತಮ್ಮ ಲಾರಿಯಲ್ಲಿ ಮಲಗಿಸಿಕೊಂಡು ದಾವಣಗೆರೆಗೆ ಒಯ್ದರು. ಹೊಟ್ಟೆಯಲ್ಲಿ ಹುಣ್ಣಾಗಿ ಒಡೆದಿತ್ತು. ಹೊಟ್ಟೆಯ ಮೂರು ಪಾಲಿನಲ್ಲಿ ಎರಡು ಪಾಲು ಕೊಯ್ದು ತೆಗೆದಿದ್ದಾರೆ ಹಂಪಿ. ಉಳಿದದ್ದು ಮುಷ್ಟಿಯಷ್ಟು. ನನ್ನ ಮೈ ಇಳಿದದ್ದು ನಡೆದಲ್ಲ.

ಎಲ್ಲವನ್ನೂ ಹೊಸದಾಗಿ ಕಲಿತೆ. ಮೊದಲು ಒದ್ದೆ ಬಟ್ಟೆಯನ್ನು ತುಟಿಗೆ ಒತ್ತುತ್ತಿದ್ದರು, ಆಮೇಲೆ ಚಮಚದಲ್ಲಿ ನೀರು. ಒಂದು ಚಮಚ ನೀರು ನುಂಗುವುದಕ್ಕೆ ಅಷ್ಟು ಹೆದರಿಕೆಯಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಈಗ ದಿನಕ್ಕೆ ಆರು ಸಲ ಉಣ್ಣಬೇಕು, ಪ್ರತಿ ಸಲ ಒಂದು ಸಣ್ಣ ಬಟ್ಟಲು. ಅಗಿದು ಅಗಿದು ಬಾಯಲ್ಲೇ ಅಂಬಲಿ ಮಾಡಬೇಕು. ಉಣ್ಣುವಾಗ ನೀರು ಮುಟ್ಟುವಂತಿಲ್ಲ. ಕುಡಿದರೆ ಅನ್ನವೆಲ್ಲ ಒಮ್ಮೆಲೇ ಕೆಳಗೆ ಜಾರಿ, ಮೈ ಬೆವೆತು, ಎದೆ ಹೊಡೆದುಕೊಂಡು ಕಣ್ಣು ಕತ್ತಲಾಗುತ್ತದೆ. ಬೆಲ್ಲ ತಿಂದರೂ ಹಾಗೇ. ಉಂಡ ಕೂಡಲೇ ಮಲಗಬೇಕು, ಅರ್ಧ ತಾಸು ಆದಮೇಲೆ ನೀರು, ಅದೂ ಗುಟುಕು ಗುಟುಕಾಗಿ. ಹೊತ್ತು ಮೀರಿ ಖಾಲಿ ಇದ್ದರೆ ಕೈಕಾಲು ನಡುಗುತ್ತವೆ.

ಹಸಿವು ಮಾತ್ರ ಹೋಗಿಲ್ಲ, ಹಂಪಿ. ಜಾಗ ಹೋಗಿದೆ, ಹಸಿವು ಮೊದಲಿನಷ್ಟೇ ಇದೆ. ಕಣ್ಣಿಗೆ ಹಸಿವು, ಮೂಗಿಗೆ ಹಸಿವು. ಮನೆಯವರು ರೊಟ್ಟಿ ಮುರಿಯುವ ಸದ್ದು ಕೇಳಿದರೆ ಎದ್ದು ಹೊರಗೆ ಹೋಗುತ್ತೇನೆ.

ಯಾಕೆ ಹೇಳಲಿಲ್ಲ ಅನ್ನುತ್ತೀಯ. ಹೇಳಬೇಕೆಂದು ಪೆನ್ನು ಹಿಡಿದಾಗಲೇ ನಿನ್ನ ಕಾಗದ ಬಂತು. ಕೇರಿಯ ಬೇವಿನಮರ ದಾಟಿದರೆ ದೊಡ್ಡವರ ಹೊಟ್ಟೆ ಕೆಡುತ್ತದೆ ಅಂತ ಬರೆದಿದ್ದೆ. ಅದನ್ನು ಓದಿದ ಮೇಲೆ "ನನಗೆ ಹೊಟ್ಟೆ ಸರಿಯಿಲ್ಲ" ಅಂತ ಯಾವ ಮುಖ ಹೊತ್ತು ಬರೆಯಲಿ? ಎಲ್ಲರೂ ಹೇಳುವ ಸುಳ್ಳು ನನ್ನ ಪಾಲಿಗೆ ನಿಜವಾಗಿತ್ತು. ಹೇಗಾದರೂ ಒಂದು ಹೊತ್ತು ಎಲ್ಲರಂತೆ ಉಂಡು ಬರೋಣ ಅಂದುಕೊಂಡೆ. ಗಿಡ್ಡಮ್ಮತ್ತೆ ತುಪ್ಪ ಹಾಕಿ ಹೋಳಿಗೆ ಕೊಟ್ಟಾಗ ಬೇಡ ಅನ್ನಲಾಗಲಿಲ್ಲ. ಪೂರ್ತಿ ತಿಂದೆ. ಹೊಟ್ಟೆ ನನ್ನ ಮಾನ ಕಳೆಯಿತು.

ಈಗ ನಮ್ಮ ಮನೆಯಲ್ಲಿ ಅತ್ತೆ ದ್ಯಾಮಕ್ಕ ನನ್ನ ಬಟ್ಟಲು, ಲೋಟ ಬೇರೆ ಮಾಡಿ ಕಿಟಕಿಯಲ್ಲಿ ಇಟ್ಟಿದ್ದಾರೆ. ಹೊಟ್ಟೆ ಕೊಯ್ಸಿಕೊಂಡವಳ ಎಂಜಲು ಅಂಟುತ್ತದಂತೆ. ಬೇರೆ ಲೋಟ ಅಂದರೆ ಏನು ಅಂತ ಈಗ ನನಗೂ ಗೊತ್ತಾಗಿದೆ.

ನಂಬು ಹಂಪಿ.

ಜಂಬಕ್ಕ


ಹಿರೇಹಡಗಲಿ
28 ಜುಲೈ 1979

ಜಂಬಕ್ಕ,

ನಿನ್ನ ಕಾಗದವನ್ನು ಅತ್ತೆಗೆ ಪೂರ್ತಿ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಕೊನೆಗೆ "ಹೊಟ್ಟಿ ಸರಿ ಇಲ್ಲ ಅಂತ ಬರದಾಳ ಅನ್ನು" ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ನನಗೆ ಏನು ಮಾಡಬೇಕೋ ತಿಳಿಯದು. ನಿನಗೆ ಆಪರೇಷನ್ ಆಗಿದ್ದರೆ ನನ್ನ ಕರುಳು ಚುರ್ರ್ ಅನ್ನಬೇಕು. ಅನ್ನುತ್ತಲೂ ಇದೆ. ಆದರೆ ಅದರ ಬೆನ್ನಿಗೇ ಇನ್ನೊಂದು ನೆನಪಾಗುತ್ತದೆ. ನಿನ್ನ ಮದುವೆಯಾದ ವರ್ಷ ನಾನು ಉಜ್ಜಿನಿಗೆ ಬಂದಿದ್ದೆ. ನೀನು ಜಗಲಿಯ ಮೇಲೆ ಕಂಬಳಿ ಹಾಸಿ ಅಲ್ಲೇ ಚಹಾ ಕೊಟ್ಟೆ. "ಒಳಗ ಕುರಿ ತುಪ್ಪಟ ಹರವ್ಯಾರ ಹಂಪಿ, ಕುಂದ್ರಾಕ ಜಾಗ ಇಲ್ಲ" ಅಂದೆ. ನಾನು ಚಹಾ ಕುಡಿದು ನಗುನಗುತ್ತ ಬಂದೆ. ಒಂದು ನೆಪ ನಂಬಿದವಳು ಎರಡನೆಯದನ್ನೂ ನಂಬಲಿ ಅನ್ನುತ್ತೀಯಾ?

ಮತ್ತೆ ಆ ಬೇರೆ ಲೋಟದ ಮಾತು. ಅದನ್ನು ನನಗೆ ಬರೆಯಬಾರದಿತ್ತು. ನಿನ್ನ ಗಾಯ ಒಣಗಿದರೆ ನಿನ್ನ ಲೋಟ ಅಡುಗೆಮನೆಗೆ ವಾಪಸ್ ಬರುತ್ತದೆ. ನನ್ನ ಅತ್ತೆಗೆ ಅರವತ್ತಾಯಿತು. ಚಹದಂಗಡಿಯಲ್ಲಿ ಅವಳ ಲೋಟ ಇನ್ನೂ ಗೋಡೆಯ ಗೂಟದಲ್ಲೇ ಇದೆ.

ಮೈ ಜೋಪಾನ. ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ. ಉತ್ತರ ಬೇಡ.

ಹಂಪಮ್ಮ


ಉಜ್ಜಿನಿ
19 ಫೆಬ್ರವರಿ 1980

ಹಂಪಿ,

ಉತ್ತರ ಬೇಡ ಅಂದಿದ್ದೆ, ಇಷ್ಟು ದಿನ ಬರೆಯಲಿಲ್ಲ. ಈ ಕಾಗದವನ್ನು ಬಳ್ಳಾರಿ ಟ್ರೈನಿಂಗ್ ಕ್ಯಾಂಪಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನು ಅಲ್ಲಿರುವುದನ್ನು ನಿನ್ನ ಅತ್ತೆಯೇ ಹೇಳಿದರು. ಹೌದು, ನಿಮ್ಮ ಮನೆಗೆ ಹೋಗಿದ್ದೆ.

ಮೊದಲು ಹಳೆಯ ಮಾತು. ಅವತ್ತು ಒಳಗೆ ತುಪ್ಪಟ ಇತ್ತು. ಜಾಗವೂ ಇತ್ತು.

ಶನಿವಾರ ಮೊದಲ ಬಸ್ಸಿಗೆ ಹೊರಟೆ. ನಿನ್ನನ್ನಲ್ಲ, ಗಿಡ್ಡಮ್ಮತ್ತೆಯನ್ನು ಕಂಡು ಮಾತಾಡಿ ಮಧ್ಯಾಹ್ನದ ಬಸ್ಸಿಗೆ ವಾಪಸಾಗುವುದು ಅಂದುಕೊಂಡಿದ್ದೆ. ಅವತ್ತು ಸೂರ್ಯಗ್ರಹಣ ಅಂತ ಗೊತ್ತಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ, ಬಸ್ಸೂ ನಿಲ್ಲುತ್ತದೆ ಅಂತ ಮಾತ್ರ ಹೊಳೆಯಲಿಲ್ಲ.

ನಿನ್ನ ಅತ್ತೆ ಒಬ್ಬರೇ ಇದ್ದರು. ಓಬಳೇಶಣ್ಣ ಡ್ಯೂಟಿಗೆ ಹೋಗಿದ್ದರು. ನನ್ನನ್ನು ಕಂಡು ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. "ಹಂಪಮ್ಮ ಇಲ್ಲ" ಅಂದರು. "ನಿಮ್ಮ ಕೂಡ ಮಾತಾಡಾಕ ಬಂದೀನಿ" ಅಂದೆ. ಒಳಗೆ ಬಿಟ್ಟರು. ಅಂಬಲಿ ಗಡಿಗೆ, ನೀರಿನ ಕೊಡ, ಉಪ್ಪಿನಕಾಯಿ ಎಲ್ಲದರ ಮೇಲೂ ಗರಿಕೆ ಹಾಕಿ ಮುಚ್ಚಿದ್ದರು. ಒಲೆ ತಣ್ಣಗಿತ್ತು.

ಕೂತವಳೇ ಹೇಳಿದೆ. "ಯತ್ತಿ, ಅವತ್ತು ನಾನು ಹಿತ್ತಲದಾಗ ಕಾರಿಕೊಂಡೆ."

"ನೋಡೀನಿ. ಬೂದಿ ಹಾಕಿದಾಕಿ ನಾನಾ."

"ಹೇಸಿಗಿಗಲ್ಲ. ನನ್ನ ಹೊಟ್ಟಿ ಕೊಯ್ದಾರ. ಬೇಕಾದರ ನೋಡ್ರಿ" ಅಂತ ಸೆರಗಿಗೆ ಕೈ ಹಾಕಿದೆ.

"ಮುಚ್ಚಿಕೋ ಯವ್ವಾ, ನಾನೇನು ಡಾಕ್ಟರೇನು? ಗಾಯ ತೋರಿಸಿ ಒಳಗ ಬರೋ ಮನಿ ಅಲ್ಲ ಇದು." ಇಷ್ಟು ಅಂದು ಗೋಡೆಗೆ ಒರಗಿದರು. ನಂಬಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಚೀಲ ಎತ್ತಿಕೊಂಡೆ. ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿದೆ, ಒಂದು ನಾಯಿ ಕೂಡ ಇರಲಿಲ್ಲ. ತಿರುಗಿ ಬಂದೆ. ಬಾಗಿಲು ತೆರೆದು ನನ್ನನ್ನು ಒಳಗೆ ಬಿಟ್ಟು ಮತ್ತೆ ಹಾಕಿಕೊಂಡರು.

ನಾನು ಬೆಳಗಿನ ಜಾವ ಉಂಡದ್ದು. ಚೀಲದಲ್ಲಿ ನನ್ನ ಬುತ್ತಿ ಇತ್ತು. ದಾರಿಯಲ್ಲಿ ತಿನ್ನಬೇಕೆಂದು ತಂದದ್ದು, ಹೆದರಿಕೆಯಲ್ಲಿ ಮರೆತಿದ್ದೆ. ಈಗ ಬಿಚ್ಚಲು ಕೈ ಬರಲಿಲ್ಲ. ಮೂರು ದಾಟಿತು. ಬಿಸಿಲು ಬೂದಿ ಬಣ್ಣಕ್ಕೆ ತಿರುಗಿತು, ಬೇವಿನ ಮರಕ್ಕೆ ಹಕ್ಕಿಗಳೆಲ್ಲ ಸಂಜೆಯಾಯಿತೆಂದು ವಾಪಸ್ ಬಂದು ಕೂಗತೊಡಗಿದವು. ನನಗೆ ನಡುಕ ಶುರುವಾಯಿತು. ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಅವತ್ತೂ ಹಿಂಗಾ ಬೆವತಿದ್ದಿ" ಅಂದರು.

"ಹೂಂ."

"ಮುಂಜಾನಿಂದ ಏನು ಉಂಡಿ?"

"ಏನಿಲ್ಲ."

"ಚೀಲದಾಗ ಏನೈತಿ?"

"ಬುತ್ತಿ."

"ಮತ್ತ ಉಣ್ಣಬೇಕಿಲ್ಲ?"

"ನಿಮ್ಮ ಮನ್ಯಾಗ ಕುಂತು ನಮ್ಮ ಮನಿ ಬುತ್ತಿ ಹೆಂಗ ಬಿಚ್ಚಲಿ ಯತ್ತಿ?"

ನಿನ್ನ ಅತ್ತೆ ಬಂದವರ ಮುಖ ನೋಡುವುದಿಲ್ಲ, ಲೋಟ ನೋಡುತ್ತಾಳೆ ಅಂತ ನೀನು ಬರೆದಿದ್ದೆ. ಆಗ ಅವರು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ನಂತರ ಎದ್ದು ಊರಮ್ಮನ ಪಟದ ಮುಂದೆ ನಿಂತು ಎರಡೂ ಕೆನ್ನೆಗೆ ಬಡಿದುಕೊಂಡರು, ಬಂದು ಒಲೆ ಹಚ್ಚಿದರು. ಗ್ರಹಣದ ನಡು ಮಧ್ಯೆ, ಹಂಪಿ! ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿ ಬೆಚ್ಚಗೆ ಮಾಡಿದರು. ನಾನು "ಬ್ಯಾಡ ಯತ್ತಿ, ಬಿಟ್ಟ ಮ್ಯಾಲೆ ಉಣ್ಣತೀನಿ, ನಿಮಗ ದೋಷ" ಅಂದೆ.

"ಗ್ರಹಣ ಹಿಡದದ್ದು ಸೂರ್ಯಗ. ನಿನಗಲ್ಲ. ಉಣ್ಣು."

ಉಂಡೆ. ಚಮಚ ಇರಲಿಲ್ಲ, ಬೆರಳಲ್ಲಿ ತೆಗೆದು ತೆಗೆದು, ಅಗಿದು ಅಗಿದು. ಅವರು ಎದುರಿಗೆ ಕೂತು ಪ್ರತಿ ತುತ್ತೂ ನೋಡಿದರು. ಬಟ್ಟಲು ಮುಗಿಯುವಷ್ಟರಲ್ಲಿ ಕಿಟಕಿಯ ಸಂದಿಯಿಂದ ಬೆಳಕು ಬರತೊಡಗಿತ್ತು. "ಮಕ್ಕೋ" ಅಂದರು. ನೀನು ಕಾಗದ ಓದಿ ಹೇಳಿದ್ದನ್ನು ಒಂದೂ ಮರೆತಿರಲಿಲ್ಲ. ಅವರ ಕಂಬಳಿಯ ಮೇಲೆ ಮಲಗಿದೆ, ಎದೆ ಹೊಡೆದುಕೊಳ್ಳಲಿಲ್ಲ, ಬೆವರಲಿಲ್ಲ. ಕೇರಿಯವರೆಲ್ಲ ಹಳೆಯ ನೀರು ಚೆಲ್ಲುವ ಸದ್ದು ಕೇಳಿಸುತ್ತಿತ್ತು. ಗಿಡ್ಡಮ್ಮತ್ತೆಯೂ ಕೊಡ ಬರಿದು ಮಾಡಿ ಬಾವಿಗೆ ಹೋದರು. ಮಿಂದು, ಒದ್ದೆ ಸೀರೆಯಲ್ಲೇ ಹೊಸ ನೀರು ತಂದರು. ಬೆಳಿಗ್ಗೆಯಿಂದ ಅವರ ಗಂಟಲಿಗೆ ಒಂದು ಹನಿ ಬಿದ್ದಿರಲಿಲ್ಲ. ಆದರೂ ಮೊದಲ ಲೋಟ ನನಗೆ ಕೊಟ್ಟರು.

"ಈಗ ಕುಡಿ. ಹೊತ್ತಾತು" ಅಂದರು.

ಕುಡಿದೆ ಹಂಪಿ. ಗುಟುಕು ಗುಟುಕಾಗಿ ಕುಡಿದೆ. ಅವರು ಲೋಟ ನೋಡಲಿಲ್ಲ.

ಜಂಬಕ್ಕ


ಹಿರೇಹಡಗಲಿ
10 ಮಾರ್ಚ್ 1980

ಲೇ ಜಂಬಕ್ಕ,

ನಿನ್ನ ಕಾಗದವನ್ನು ಕ್ಯಾಂಪಿನ ನಲ್ಲಿಯ ಹತ್ತಿರ ನಿಂತು ಓದಿದೆ. ಓದುತ್ತ ಅತ್ತದ್ದನ್ನು ನೋಡಿ ಜೊತೆಯವರು ಮನೆಯಲ್ಲಿ ಯಾರೋ ತೀರಿಕೊಂಡರು ಅಂದುಕೊಂಡರು.

ನಂಬದೆ ಇದ್ದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ನಂಬಿ ನಂಬಿ ನಮಗೆ ಸಾಕಾಗಿತ್ತು. ಆದರೆ ನಿನ್ನ ಕೈಯಲ್ಲಿ ಪೆನ್ನು ನಡುಗಿದ್ದು ಅಕ್ಷರದಲ್ಲೇ ಕಂಡಿತ್ತು, ಕಂಡರೂ ಕೇಳಲಿಲ್ಲವಲ್ಲ, ಅದು ನನ್ನನ್ನು ತಿನ್ನುತ್ತಿದೆ. ಮತ್ತೆ, ಆ ತುಪ್ಪಟದ ಪಕ್ಕದ ಜಾಗ ಇನ್ನೂ ಖಾಲಿ ಇದ್ದರೆ ಹೇಳು. ಯುಗಾದಿ ಮುಗಿದ ಮೇಲೆ ಉಜ್ಜಿನಿಗೆ ಬರುತ್ತೇನೆ. ಜಗಲಿಯ ಮೇಲಂತೂ ಕೂರುವುದಿಲ್ಲ. ದ್ಯಾಮಕ್ಕನವರಿಗೆ ಈಗಲೇ ಹೇಳಿಡು.

ಗ್ರಹಣದಲ್ಲಿ ಒಲೆ ಹಚ್ಚಿದ್ದಕ್ಕೆ ಕೇರಿಯ ಮುದುಕಿಯರೆಲ್ಲ ಅತ್ತೆಯನ್ನು ಬೈದು ಹೋಗಿದ್ದಾರೆ. ಮಗ ಮಾತ್ರ ಬುದ್ಧನೇ ಗೆದ್ದ ಅಂತ ಕುಣಿದ. "ಬುದ್ಧನೂ ಅಲ್ಲ ಯಾವನೂ ಅಲ್ಲ, ಹುಡುಗಿ ಹಸದಿತ್ತು" ಅಂದಳಂತೆ ಅತ್ತೆ.

ನಿನ್ನೆ ಆದದ್ದು ಕೇಳು. ಹೆಡ್‌ಮಾಸ್ಟರು ಯಾವುದೋ ಕೆಲಸಕ್ಕೆ ಮನೆಗೆ ಬಂದರು. ಊಟದ ಹೊತ್ತು. ಏಳಿ ಸಾರ್, ಕೈ ತೊಳೆಯಿರಿ ಅಂದೆ. ಅವರು ಎಂದಿನ ಹಾಗೆ ಹೊಟ್ಟೆ ಸವರಿಕೊಂಡು "ಇಲ್ಲಮ್ಮ, ಇವತ್ಯಾಕೋ ಹೊಟ್ಟಿ ಸರಿ ಇಲ್ಲ" ಅಂದರು. ನಾನು ಬಾಳೆಹಣ್ಣು ತರಲು ಎದ್ದೆ. ಒಳಗಿದ್ದ ಅತ್ತೆ ಓಡಿ ಬಂದಳು.

"ಅಯ್ಯೋ ಶಿವನ! ಎಷ್ಟು ಪಾಲು ತೆಗದಾರ್ರಿ?"

ಹೆಡ್‌ಮಾಸ್ಟರು ಕಣ್ಣು ಕಣ್ಣು ಬಿಟ್ಟರು. ಅವರು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನುಚ್ಚು ಬೆಚ್ಚಗೆ ಮಾಡಿ ತಂದು, ಬಟ್ಟಲನ್ನು ಅವರ ಕೈಯಲ್ಲೇ ಇಟ್ಟಳು. "ಸಾವಕಾಶ ಅಗೀರಿ. ನಮ್ಮ ಹುಡುಗಿಗೂ ಹಿಂಗಾ ಆಗಿತ್ತು, ಇದನ್ನಾ ಉಂಡು ಹೋದಳು" ಅಂತ ಎದುರಿಗೇ ಕೂತಳು. ಅವಳು ನಿಜವಾಗಿ ಮರುಗಿದಳೋ, ಬೇಕೆಂದೇ ಮಾಡಿದಳೋ, ಮನೆಯಲ್ಲೇ ಇರುವ ನನಗೂ ತಿಳಿಯಲಿಲ್ಲ ಕಣೇ. ಕೇಳಲು ಧೈರ್ಯವೂ ಬರಲಿಲ್ಲ.

ಅವರು ಬಟ್ಟಲು ನೋಡಿದರು, ಬಾಗಿಲು ನೋಡಿದರು. ಎದ್ದು ಹೋಗಲು ನೆಪ ಇನ್ನೊಂದಿರಲಿಲ್ಲ. ಒಂದು ತುತ್ತು ಬಾಯಿಗೆ ಇಟ್ಟರು. ಆಮೇಲೆ ಇನ್ನೊಂದು. ಬಟ್ಟಲು ಮುಗಿಯಿತು.

ನಾನು ನೀರಿನ ಲೋಟ ಹಿಡಿದು ಮುಂದೆ ಹೋದೆ. ಅತ್ತೆ ನನ್ನ ಮುಂಗೈ ಹಿಡಿದು ನಿಲ್ಲಿಸಿದಳು.

"ಆಮ್ಯಾಲೆ" ಅಂದಳು. "ಅವರು ಕುಂದರಲಿ."

ನಿನ್ನ
ಹಂಪಿ